ದೊಡ್ಡಮ್ಮನಿಗೆ ಹೇಳಿದ ಗ್ರೀಕರ ಮನೆವಾರ್ತೆ

"ಆ ಹುಡುಗಿಯ ಹೆಸರೇನು?" ಎಂದು ದೊಡ್ಡಮ್ಮ ಕೇಳಿದಳು.

ನಾನು ಪುಟ ಹಿಂದೆ ಮುಂದೆ ತಿರುವಿದೆ. ಹೆಸರಿರಲಿಲ್ಲ. ಸಾಕ್ರೆಟಿಸನ ಶಿಷ್ಯ ಕ್ಸೆನೊಫೋನ್ ಬರೆದ ಮನೆವಾರ್ತೆಯ ಸಂವಾದವದು. ಇಸ್ಕೊಮಾಕಸ್ ಎಂಬ ಅಥೆನ್ಸಿನ ಜಮೀನುದಾರನೊಬ್ಬ, ತನ್ನ ಹೆಂಡತಿಗೆ ಸಂಸಾರ ನಡೆಸುವುದನ್ನು ಹೇಗೆ ಕಲಿಸಿದೆ ಎಂದು ಸಾಕ್ರೆಟಿಸ್‌ಗೆ ಹೇಳುತ್ತಾನೆ. ಆ ಹುಡುಗಿ ಮದುವೆಯಾಗಿ ಬಂದಾಗ ಅವಳಿಗೆ ಹದಿನೈದು ತುಂಬಿರಲಿಲ್ಲ. ಆದಷ್ಟು ಕಡಿಮೆ ನೋಡಲಿ, ಕಡಿಮೆ ಕೇಳಲಿ, ಕಡಿಮೆ ಮಾತನಾಡಲಿ ಎಂದೇ ತವರಿನವರು ಅವಳನ್ನು ಬೆಳೆಸಿದ್ದರು. ಗಂಡ ಒಂದು ದಿನ ಏನನ್ನೋ ತಂದುಕೊಡು ಎನ್ನುತ್ತಾನೆ. ಅದು ಎಲ್ಲಿದೆಯೆಂದು ತಿಳಿಯದೆ ಅವಳ ಮುಖ ಕೆಂಪಾಗುತ್ತದೆ. ಆಗ ಅವನು ತಾನು ಕಂಡ ಫಿನಿಷಿಯನ್ ಹಡಗಿನ ಕಥೆ ಹೇಳುತ್ತಾನೆ: ಅಷ್ಟು ಇಕ್ಕಟ್ಟಿನ ಜಾಗದಲ್ಲೂ ಪ್ರತಿಯೊಂದು ಸಾಮಾನಿಗೂ ಒಂದು ನೆಲೆ, ಕಣ್ಣಿಗೆ ಕಾಣದಿದ್ದಾಗಲೂ ಯಾವುದು ಎಲ್ಲಿದೆಯೆಂದು ಹೇಳಬಲ್ಲ ಹಡಗಿನ ಆಳು. ಒಪ್ಪವಾಗಿ ಜೋಡಿಸಿಟ್ಟರೆ ಅಡುಗೆಯ ಮಡಕೆಗಳೂ ಚೆಂದ ಕಾಣುತ್ತವೆ ಎಂದೂ ಅವನು ಹೇಳುತ್ತಾನೆ.

ಮಡಕೆಯ ಮಾತು ದೊಡ್ಡಮ್ಮನಿಗೆ ಬಹಳ ಹಿಡಿಸಿತು. "ಅದು ನಿಜ" ಎಂದು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. ಆದರೆ ಹೆಸರಿನ ವಿಷಯವನ್ನು ಬಿಡಲಿಲ್ಲ. "ಹೆಂಡತಿಯ ಬಗ್ಗೆ ಇಷ್ಟೊಂದು ಹೇಳಿದವನು ಒಂದು ಸಲವಾದರೂ ಹೆಸರು ಹಿಡಿದು ಕರೆಯಲಿಲ್ಲವೇ?"

ಐವತ್ತೊಂದು ವರ್ಷ ಸಂಸಾರ ಮಾಡಿದ ದೊಡ್ಡಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಪಡಿತರ ಚೀಟಿ ಬರೆಸುವಾಗ ನನ್ನ ಕಡೆ ಕೈ ತೋರಿಸುತ್ತಿದ್ದಳು, ನಾನು ಹೇಳುತ್ತಿದ್ದೆ. ದೊಡ್ಡಪ್ಪ ಮಾತ್ರ ತೋಟದಿಂದ ಬರುವಾಗ ಬೇಲಿಯ ದಣಪೆಯ ಹತ್ತಿರದಿಂದಲೇ ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಮಳೆಯ ಸದ್ದನ್ನು ಮೀರಿ ಆ ಕೂಗು ಒಲೆಯ ಮುಂದೆ ಬಂದು ಮುಟ್ಟುತ್ತಿತ್ತು. ಗಂಡನಾದವನು ಹೆಂಡತಿಯನ್ನು ಕರೆಯುವುದು ಹಾಗೆ ಎಂದು ತಿಳಿದ ದೊಡ್ಡಮ್ಮನಿಗೆ ಇಸ್ಕೊಮಾಕಸ್‌ನ ಮೌನ ಅರ್ಥವಾಗಲಿಲ್ಲ. ನನಗೂ ಆಗಿಲ್ಲ.

ಈ ಆಷಾಢದಲ್ಲಿ ಮೂರು ವಾರ ರಜೆ ಹಾಕಿ ನಾನು ಮೇಗರವಳ್ಳಿಯ ಕಡೆಯ ನಮ್ಮ ಮನೆಯಲ್ಲಿದ್ದೆ. ಎಪ್ಪತ್ತೇಳು ವರ್ಷದ ದೊಡ್ಡಮ್ಮ, ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿದ್ದ ಹಾದಿಯನ್ನು ಬಿಟ್ಟು ತುಳಸಿ ಕಟ್ಟೆಯ ಕಡೆ ಕಾಲಿಟ್ಟು ಪಾಚಿಯಲ್ಲಿ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದು ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಕರೆತಂದ ಮೇಲೆ ಅವಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಜೂನ್‌, ಜುಲೈ ತಿಂಗಳಲ್ಲಿ ರಜೆ ಕೇಳುವುದು ಸುಲಭವಲ್ಲ, ಆದರೂ ಕೇಳಿದೆ. ಹೊರಗೆ ಹಗಲೆನ್ನದೆ ರಾತ್ರಿಯೆನ್ನದೆ ಮಳೆ. ಬಿಡುವು ಕೊಟ್ಟ ಗಳಿಗೆಯಲ್ಲಿ ತಮ್ಮ ಅಡಿಕೆ ಮರ ಹತ್ತುವ ಕೊನೆಗಾರರನ್ನು ಕರೆದುಕೊಂಡು ತೋಟಕ್ಕೆ ಓಡುತ್ತಿದ್ದ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಲಗಿದಲ್ಲೇ ಇರಬೇಕಾದ ದೊಡ್ಡಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. "ನಿನ್ನ ಚೀಲದಲ್ಲಿ ಯಾವ ಪುಸ್ತಕ ಇದೆಯೋ ಅದನ್ನೇ ಕನ್ನಡದಲ್ಲಿ ಹೇಳು" ಎಂದಳು.

ಚೀಲದಲ್ಲಿ ಇದ್ದದ್ದು ಗ್ರೀಕರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸಿಗೆ ಇದನ್ನು ಹೇಗೆ ಹೇಳುವುದೆಂಬ ಅಳುಕು ನನಗೆ ಇರಲಿಲ್ಲ. ದೊಡ್ಡಮ್ಮ ತಾಳಮದ್ದಳೆ ಕೇಳಿ ಬೆಳೆದವಳು. ಒಬ್ಬ ಅರ್ಥಧಾರಿ ಕಟ್ಟಿದ ವಾದವನ್ನು ಇನ್ನೊಬ್ಬ ಹೇಗೆ ಬಿಚ್ಚುತ್ತಾನೆ ಎಂದು ಬೆಳಗಿನವರೆಗೆ ಕೂತು ಕೇಳಿದವಳಿಗೆ ಪ್ಲೇಟೋನ ಮೇಲೆ ಅರಿಸ್ಟಾಟಲ್ ಏರಿ ಹೋಗುವುದು ಹೊಸದೇನೂ ಅಲ್ಲ.

ನಾನು ಈ ಪುಸ್ತಕಗಳ ಹಿಂದೆ ಬಿದ್ದದ್ದು 1991ರಲ್ಲಿ, ಶಿವಮೊಗ್ಗದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಒಂಬತ್ತು ಮಂದಿ. ಆ ದಿನ ಅರಿಸ್ಟಾಟಲನ ನಿಕೊಮಾಕಿಯನ್ ಎಥಿಕ್ಸ್‌ನ ಎಂಟನೆಯ ಭಾಗ, ಸ್ನೇಹದ ವಿಚಾರ. ಸ್ನೇಹವಿರುವುದು ಪ್ರೀತಿಸಲ್ಪಡುವುದಕ್ಕಿಂತ ಹೆಚ್ಚಾಗಿ ಪ್ರೀತಿಸುವುದರಲ್ಲಿ ಎಂದು ಅವನು ಹೇಳುತ್ತಾನೆ. ಅದಕ್ಕೆ ಕೊಡುವ ಸಾಕ್ಷಿ ತಾಯಂದಿರದು. ಕೆಲವು ತಾಯಂದಿರು ತಮ್ಮ ಮಕ್ಕಳನ್ನು ಸಾಕಲು ಬೇರೆಯವರ ಕೈಗೆ ಕೊಡುತ್ತಾರೆ. ಮಕ್ಕಳ ಸಂಗತಿ ತಿಳಿಯುತ್ತಿರುವವರೆಗೆ ಅವರನ್ನು ಪ್ರೀತಿಸುತ್ತಲೇ ಇರುತ್ತಾರೆ, ತಿರುಗಿ ಪ್ರೀತಿ ಸಿಗಲೇಬೇಕೆಂದು ಕೇಳುವುದಿಲ್ಲ. ಮಕ್ಕಳು ಚೆನ್ನಾಗಿರುವುದನ್ನು ಕಂಡರೆ ಅವರಿಗೆ ಸಾಕು. ಯಾರು ತಾಯಿ ಎಂದು ತಿಳಿಯದೆ ಮಕ್ಕಳು ತಾಯಿಗೆ ಸಲ್ಲಬೇಕಾದ್ದನ್ನು ಸಲ್ಲಿಸದಿದ್ದರೂ ಸರಿಯೇ.

ಮೇಷ್ಟ್ರು ಮುಂದಿನ ವಾಕ್ಯಕ್ಕೆ ಹೋದರು. ನಾನು ಹೋಗಲಿಲ್ಲ. ಬರೆಯುತ್ತಿದ್ದ ಕೈ ನಿಂತಿತು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಯಾವುದೋ ದೇಶದಲ್ಲಿ ಬದುಕಿದ್ದ ಮನುಷ್ಯ ನನ್ನ ಅಮ್ಮನನ್ನು ಹೇಗೆ ನೋಡಿದ್ದ?

ನಾನು ಹುಟ್ಟಿದ್ದು ನಗರ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ, 1972ರಲ್ಲಿ, ಎರಡನೆಯ ಮಗಳಾಗಿ. ನಾಲ್ಕು ವರ್ಷವಾದಾಗ ಅಮ್ಮ ನನ್ನನ್ನು ಎರಡು ಬಸ್ಸು ಬದಲಾಯಿಸಿ ಕರೆತಂದು ದೊಡ್ಡಮ್ಮನ ಮನೆಯಲ್ಲಿ ಬಿಟ್ಟಳು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ. ದತ್ತು ಎಂಬ ಶಾಸ್ತ್ರವಾಗಲಿ, ಬರಹವಾಗಲಿ ನಡೆಯಲಿಲ್ಲ. "ಅಲ್ಲಿ ಶಾಲೆ ಹತ್ತಿರ" ಎಂದು ನನಗೆ ಹೇಳಿದ್ದರು. ಮಲೆನಾಡಿನಲ್ಲಿ ಮಕ್ಕಳನ್ನು ನೆಂಟರ ಮನೆಯಲ್ಲಿ ಓದಲು ಬಿಡುವುದು ಆಗ ಮನೆಮನೆಯ ಮಾತು. ಮೂರು ಮೈಲಿಗೊಂದು ಶಾಲೆ, ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಹಾಗಾಗಿ ನಾನು ಅದನ್ನು ಪ್ರಶ್ನಿಸದೆ ನಂಬಿದೆ.

ಅಮ್ಮ ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಉಳಿದ ಕಾಲವೆಲ್ಲ ನಡುವೆ ಓಡಾಡುತ್ತಿದ್ದದ್ದು ಬಸ್ಸಿನ ಕಂಡಕ್ಟರ್ ಕೈಯ ಗಂಟುಗಳು. ಅಪ್ಪೆಮಿಡಿಯ ಭರಣಿ ಈ ಕಡೆ ಬರುತ್ತಿತ್ತು, ಇಲ್ಲಿಂದ ಜೋನಿಬೆಲ್ಲ ಆ ಕಡೆ ಹೋಗುತ್ತಿತ್ತು. ದೀಪಾವಳಿಗೆ ಒಂದು ತಿಂಗಳಿರುವಾಗ ದೊಡ್ಡಮ್ಮ ನನ್ನನ್ನು ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದಳು. ನೆತ್ತಿಯಿಂದ ಹಿಮ್ಮಡಿಯವರೆಗೆ ಹತ್ತಿಯ ನೂಲು ಹಿಡಿದು, ಭುಜದ ಬಳಿ ಒಂದು ಗಂಟು, ಸೊಂಟದ ಬಳಿ ಒಂದು ಗಂಟು ಹಾಕಿ ಕತ್ತರಿಸುತ್ತಿದ್ದಳು. ಆ ನೂಲನ್ನು ಸುತ್ತಿ ಕಾಗದದಲ್ಲಿ ಮಡಚಿ ಕಂಡಕ್ಟರ್ ಕೈಗೆ ಕೊಡುವುದು. ಹಬ್ಬದ ಹೊತ್ತಿಗೆ ಅಮ್ಮ ಕೈಯಲ್ಲೇ ಹೊಲಿದ ಲಂಗ, ರವಿಕೆ ಬರುತ್ತಿತ್ತು. ಸರಿಯಾಗಿಯೇ ಇರುತ್ತಿತ್ತು.

ಹದಿನಾಲ್ಕರ ಹರೆಯದಲ್ಲಿ ನಾನು ಆ ಲಂಗ ಹಾಕಿಕೊಳ್ಳುವುದಿಲ್ಲ ಎಂದೆ. ಅಕ್ಕನನ್ನು ಇಟ್ಟುಕೊಂಡಳು, ತಮ್ಮನನ್ನು ಇಟ್ಟುಕೊಂಡಳು, ನನ್ನನ್ನು ಕೊಟ್ಟಳು. ಆ ವರ್ಷ ಅಮ್ಮ ಬಂದಾಗ ನಾನು ಮೆತ್ತಿಯಿಂದ ಇಳಿಯಲೇ ಇಲ್ಲ. ಸಾಕ್ರೆಟಿಸನ ಹಿರಿಯ ಮಗ ಲ್ಯಾಂಪ್ರೊಕ್ಲಿಸ್ ತಾಯಿಯ ಮೇಲೆ ಹೀಗೆಯೇ ಮುನಿಸಿಕೊಂಡಿದ್ದನೆಂದು ಕ್ಸೆನೊಫೋನ್ ಇನ್ನೊಂದು ಕಡೆ ಬರೆಯುತ್ತಾನೆ. ಅವನ ತಾಯಿ ಕ್ಸಾಂತಿಪೆ. ಗಂಡನನ್ನು ಕಾಡಿದ ಜಗಳಗಂಟಿ ಎಂದು ಜಗತ್ತು ನೆನಪಿಟ್ಟುಕೊಂಡದ್ದು ಇವಳನ್ನೇ. ಅವಳ ಬಾಯನ್ನು ತಾಳಲಾರೆ ಎಂದ ಮಗನಿಗೆ ಸಾಕ್ರೆಟಿಸ್ ಹೇಳುವ ಮಾತು ಬೇರೆ: ಬಸಿರಿನ ಭಾರ ಹೊತ್ತು, ಜೀವವನ್ನೇ ಪಣಕ್ಕಿಟ್ಟು, ತಾನು ಉಣ್ಣುವುದರಲ್ಲಿ ಪಾಲು ಕೊಟ್ಟು ಹೆರುತ್ತಾಳೆ. ಯಾರಿಂದ ಉಪಕಾರ ಸಿಗುತ್ತಿದೆಯೆಂದು ಆ ಕೂಸಿಗೆ ಗೊತ್ತಿರುವುದಿಲ್ಲ, ತನಗೆ ಬೇಕಾದ್ದನ್ನು ಹೇಳಲೂ ಬರುವುದಿಲ್ಲ. ಪ್ರತಿಫಲ ಏನು ಸಿಕ್ಕೀತೆಂದು ತಿಳಿಯದೆ ಅವಳು ಹಗಲಿರುಳು ದುಡಿಯುತ್ತಾಳೆ. ಇದನ್ನು ಮೆತ್ತಿಯ ಮೆಟ್ಟಿಲ ಬುಡದಲ್ಲಿ ನಿಂತು ಯಾರಾದರೂ ನನಗೆ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ. ಅಮ್ಮ ಹೊರಟುಹೋದ ಮೇಲೆ ಲಂಗ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಅದೂ ಸರಿಯಾಗಿಯೇ ಇತ್ತು.

ಎರಡನೆಯ ವಾರ ದೊಡ್ಡಮ್ಮನಿಗೆ ಪ್ಲೇಟೋನ ರಿಪಬ್ಲಿಕ್‌ನ ಐದನೆಯ ಭಾಗ ಹೇಳಿದೆ. ಅವನ ಆದರ್ಶ ನಗರವನ್ನು ಕಾಯುವ ವರ್ಗದಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಶಿಕ್ಷಣ, ಒಂದೇ ಕೆಲಸ. ಕಾವಲು ನಾಯಿಗಳಲ್ಲಿ ಹೆಣ್ಣು ಮರಿ ಹಾಕುತ್ತದೆಂದು ಅದನ್ನು ಮನೆಯಲ್ಲೇ ಕಟ್ಟಿಹಾಕುತ್ತೇವೆಯೇ ಎಂದು ಅವನು ಕೇಳುತ್ತಾನೆ. ಹೆಣ್ಣುಮಕ್ಕಳನ್ನು ಒಳಮನೆಯಲ್ಲಿ ಇಟ್ಟಿದ್ದ ಅಥೆನ್ಸಿನಲ್ಲಿ ಕೂತು ಹೀಗೆ ಬರೆಯಲು ಎದೆ ಬೇಕು. ಆ ಪುಟಗಳನ್ನು ನಾನು ಎಷ್ಟು ಸಲ ಓದಿದರೂ ಮೈ ನವಿರೇಳುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಆ ವರ್ಗದವರಿಗೆ ಸ್ವಂತ ಮನೆಯಿಲ್ಲ, ಸ್ವಂತ ಹೆಂಡತಿಯಿಲ್ಲ, ಗಂಡನಿಲ್ಲ. ಯಾರು ಯಾರನ್ನು ಕೂಡಬೇಕೆಂಬುದಕ್ಕೆ ಹಬ್ಬದಲ್ಲಿ ಚೀಟಿ ಎತ್ತುತ್ತಾರೆ. ಆ ಚೀಟಿಯಲ್ಲೂ ಆಳುವವರದೇ ಗುಟ್ಟಾದ ಕೈವಾಡ. ಹುಟ್ಟಿದ ಮಕ್ಕಳು ಎಲ್ಲರಿಗೂ ಸೇರಿದವರು. ಎಲ್ಲರೂ ಒಂದನ್ನೇ ತೋರಿಸಿ "ನನ್ನದು" ಎನ್ನುವ ನಗರ ಒಡೆಯುವುದಿಲ್ಲ ಎಂಬುದು ಅವನ ನಂಬಿಕೆ. ಮೊಲೆಯಲ್ಲಿ ಹಾಲು ತುಂಬಿದ ತಾಯಂದಿರನ್ನು ಕೂಸುಗಳಿರುವಲ್ಲಿಗೆ ಕರೆದೊಯ್ಯಬೇಕು, ಯಾರೂ ತನ್ನ ಕೂಸನ್ನು ಗುರುತಿಸದಂತೆ ಎಲ್ಲ ಎಚ್ಚರ ವಹಿಸಬೇಕು ಎನ್ನುತ್ತಾನೆ.

"ಇನ್ನೊಂದು ಸಲ ಹೇಳು" ಎಂದಳು ದೊಡ್ಡಮ್ಮ. ಹೇಳಿದೆ.

"ಎಚ್ಚರ ವಹಿಸಬೇಕು ಎಂದು ಅವನೇ ಹೇಳಿದ್ದಾನಲ್ಲ. ಹಾಗಾದರೆ ಬಿಟ್ಟರೆ ಗುರುತು ಹತ್ತುತ್ತದೆ ಎಂದು ಅವನಿಗೂ ಗೊತ್ತಿತ್ತು."

ನಾನು ಪುಸ್ತಕ ಮುಚ್ಚಿ ಅವಳನ್ನು ನೋಡಿದೆ. ಪಾಲಿಟಿಕ್ಸ್‌ನ ಎರಡನೆಯ ಭಾಗದಲ್ಲಿ ಅರಿಸ್ಟಾಟಲ್ ತನ್ನ ಗುರುವಿನ ಮೇಲೆ ಹೂಡುವ ವಾದಗಳಲ್ಲಿ ಇದಕ್ಕೆ ಹತ್ತಿರದ್ದೂ ಒಂದಿದೆ. ಎಷ್ಟು ಬಚ್ಚಿಟ್ಟರೂ ಮುಖದ ಹೋಲಿಕೆಯಿಂದ ತಂದೆತಾಯಿಯರು, ಅಣ್ಣತಮ್ಮಂದಿರು ಗೊತ್ತಾಗಿಬಿಡುತ್ತಾರೆ ಎನ್ನುತ್ತಾನೆ. ಫಾರ್ಸಲಸ್ ಎಂಬ ಊರಿನ ಒಂದು ಹೆಣ್ಣುಕುದುರೆಯ ಹೆಸರು ಹೇಳುತ್ತಾನೆ. ಅದು ಹಾಕಿದ ಮರಿಗಳೆಲ್ಲ ತಂದೆಯ ಪಡಿಯಚ್ಚು, ಅದಕ್ಕೇ ಅದನ್ನು "ನ್ಯಾಯವಂತೆ" ಎಂದು ಕರೆಯುತ್ತಿದ್ದರಂತೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ದೊಡ್ಡಪ್ಪನ ಹೆಗಲ ಮೇಲೆ ಕೂತಿದ್ದ ನನ್ನನ್ನು ಗುರುತಿಲ್ಲದ ಮುದುಕಿಯೊಬ್ಬಳು ನಿಲ್ಲಿಸಿ, "ಇದು ನಗರದ ಕಡೆಯವಳ ಮಗಳಲ್ಲವೇ, ಅದೇ ಹಣೆ" ಎಂದಿದ್ದಳು. ದೊಡ್ಡಪ್ಪ "ಹೌದು" ಎಂದರು. ಏನೂ ಮುಚ್ಚಿಡಲಿಲ್ಲ. ನನಗೆ ಕಬ್ಬು ಕೊಡಿಸಿ ಮುಂದೆ ನಡೆದರು.

ಅರಿಸ್ಟಾಟಲ್ ಇನ್ನೂ ಕಟುವಾಗಿ ಹೇಳುತ್ತಾನೆ. ಹೆಚ್ಚು ಜನರಿಗೆ ಸೇರಿದ್ದಕ್ಕೆ ಸಿಗುವ ಆರೈಕೆ ಕಡಿಮೆ. ಸಾವಿರ ಮಂದಿಯ ಮಗನಾದವನನ್ನು ಸಾವಿರ ಮಂದಿಯೂ ಸಮನಾಗಿ ಕಡೆಗಣಿಸುತ್ತಾರೆ. ಕೊಡ ನೀರಿಗೆ ಬೆರೆಸಿದ ಚೂರು ಸಿಹಿಯಂತೆ ಅಲ್ಲಿ ಪ್ರೀತಿ ರುಚಿಗೆ ಸಿಗದಷ್ಟು ತೆಳುವಾಗುತ್ತದೆ. ಪ್ಲೇಟೋ ಹೇಳುವ ಬಗೆಯ ಮಗನಾಗುವುದಕ್ಕಿಂತ ಒಬ್ಬನಿಗೆ ನಿಜವಾದ ದಾಯಾದಿಯಾಗಿರುವುದು ಲೇಸು. ಮನುಷ್ಯ ಒಂದನ್ನು ಜೋಪಾನ ಮಾಡುವುದು ಅದು ತನ್ನದು ಎಂಬ ಕಾರಣಕ್ಕೆ, ಅದು ಅಮೂಲ್ಯ ಎಂಬ ಕಾರಣಕ್ಕೆ.

ನಾನು ಬೆಳೆದದ್ದು ಹದಿನಾರು ಜನ ಉಣ್ಣುವ ಮನೆಯಲ್ಲಿ. ದೊಡ್ಡಪ್ಪ, ಅವರ ಇಬ್ಬರು ತಮ್ಮಂದಿರು, ಅವರ ಹೆಂಡತಿಯರು, ಮಕ್ಕಳು, ಎಲ್ಲರ ಮೇಲೆ ಅಜ್ಜಿ. ಯಾರು ಬೇಕಾದರೂ ನನಗೆ ತಲೆ ಬಾಚುತ್ತಿದ್ದರು, ಯಾರು ಬೇಕಾದರೂ ಗದರುತ್ತಿದ್ದರು. ಆದರೆ ನನಗೆ ಜ್ವರ ಬಂದ ರಾತ್ರಿ ಎದ್ದು ಕೂತಿರುತ್ತಿದ್ದವಳು ಒಬ್ಬಳೇ. ಅರಿಸ್ಟಾಟಲ್ ಹೇಳುವುದರಲ್ಲಿ ಅಷ್ಟು ಸತ್ಯವಿದೆ: ಎಲ್ಲರೂ ಎದ್ದು ಕೂರುವುದಿಲ್ಲ, ಒಬ್ಬರು ಕೂರಬೇಕು. ಆ ಒಬ್ಬರು ಹೆತ್ತವಳೇ ಆಗಬೇಕೆಂದು ಮಾತ್ರ ನಾನು ಒಪ್ಪಲಾರೆ. ನನ್ನ ಮಟ್ಟಿಗೆ ಪ್ಲೇಟೋ ತಪ್ಪಿದ್ದು ಮಕ್ಕಳನ್ನು ಹಂಚಿದ್ದರಲ್ಲಲ್ಲ, ಬಚ್ಚಿಟ್ಟದ್ದರಲ್ಲಿ. ನನ್ನ ಇಬ್ಬರು ತಾಯಂದಿರ ನಡುವೆ ನೂಲಿನ ಸುರುಳಿ ಓಡಾಡುತ್ತಿತ್ತು.

(ಪ್ಲೇಟೋ ಮುಪ್ಪಿನಲ್ಲಿ ಬರೆದ ಲಾಸ್ ಎಂಬ ಪುಸ್ತಕದಲ್ಲಿ ಮನೆಯನ್ನೂ ಮದುವೆಯನ್ನೂ ಮತ್ತೆ ಒಳಗೆ ಕರೆದುಕೊಳ್ಳುತ್ತಾನೆ. ಗಂಡಸು 30ರಿಂದ 35ರೊಳಗೆ ಮದುವೆಯಾಗಬೇಕು, ಆಗದಿದ್ದರೆ ವರ್ಷವರ್ಷವೂ ದಂಡ ಕಟ್ಟಬೇಕು. ಅರಿಸ್ಟಾಟಲ್ ಗಂಡಿಗೆ 37, ಹೆಣ್ಣಿಗೆ 18 ಎನ್ನುತ್ತಾನೆ, ಮದುವೆಗೆ ಚಳಿಗಾಲ ಒಳ್ಳೆಯದು ಎನ್ನುತ್ತಾನೆ. ನಮ್ಮ ಕಡೆ ಚಳಿಗಾಲವೆಂದರೆ ಅಡಿಕೆ ಸುಲಿಗೆಯ ಕಾಲ, ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅಡಿಕೆ ಮಾರಿ ಕೈಗೆ ಕಾಸು ಬಂದ ಮೇಲೆ, ಮಳೆ ಹಿಡಿಯುವ ಮೊದಲು ನಮ್ಮ ಮದುವೆಗಳು.)

ದೊಡ್ಡಮ್ಮ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಹಿಯೆರೊಕ್ಲೀಸ್‌ನನ್ನು. ಕ್ರಿ.ಶ. ಎರಡನೆಯ ಶತಮಾನದವನು, ಸ್ಟೋಯಿಕ್ ಎಂಬ ಗ್ರೀಕ್ ತತ್ತ್ವಪಂಥದ ಚಿಂತಕ. ಪ್ರತಿಯೊಬ್ಬ ಮನುಷ್ಯನ ಸುತ್ತ ಒಂದರ ಹೊರಗೊಂದು ವರ್ತುಲಗಳಿವೆ ಎನ್ನುತ್ತಾನೆ. ನಡುವೆ ತಾನು. ಅದರಾಚೆ ತಂದೆತಾಯಿ, ಒಡಹುಟ್ಟಿದವರು, ಹೆಂಡತಿ, ಮಕ್ಕಳು. ಅದರಾಚೆ ತಂದೆಯ, ತಾಯಿಯ ಒಡಹುಟ್ಟಿದವರು, ಅಜ್ಜ ಅಜ್ಜಿ, ಅವರಿವರ ಮಕ್ಕಳು. ಆಮೇಲೆ ಉಳಿದ ನೆಂಟರು, ಊರವರು, ನೆರೆಯೂರಿನವರು, ನಾಡಿನವರು, ಕಡೆಗೆ ಮನುಷ್ಯಕುಲವೆಲ್ಲ. ಹೊರಗಿನ ವರ್ತುಲದವರನ್ನು ಒಂದೊಂದು ಹೆಜ್ಜೆ ಒಳಕ್ಕೆ ಎಳೆದುಕೊಳ್ಳುತ್ತಿರಬೇಕು. ಅದಕ್ಕೆ ಅವನು ಕೊಡುವ ಉಪಾಯಗಳಲ್ಲಿ ಒಂದು, ಕರೆಯುವ ಮಾತನ್ನು ಬದಲಿಸುವುದು. ದಾಯಾದಿಗಳನ್ನು ಅಣ್ಣತಮ್ಮಂದಿರೆಂದು ಕರೆಯಿರಿ, ತಂದೆತಾಯಿಯರ ಒಡಹುಟ್ಟಿದವರನ್ನು ಅಪ್ಪ, ಅಮ್ಮ ಎಂದು ಕರೆಯಿರಿ.

"ಬೇರೆ ಏನೆಂದು ಕರೆಯುವುದು?" ದೊಡ್ಡಮ್ಮನಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು.

ಆಗ ನನಗೆ ನಮ್ಮ ಭಾಷೆ ಕಣ್ಣೆದುರು ನಿಂತಿತು. ಅಪ್ಪನ ಅಣ್ಣ ದೊಡ್ಡ ಅಪ್ಪ, ಅಮ್ಮನ ತಂಗಿ ಚಿಕ್ಕ ಅಮ್ಮ. ಹಿಯೆರೊಕ್ಲೀಸ್ ಶಿಷ್ಯರಿಗೆ ಅಭ್ಯಾಸ ಮಾಡಿಸಬೇಕೆಂದಿದ್ದದ್ದನ್ನು ನಾವು ತೊದಲುವಾಗಲೇ ಕಲಿತಿರುತ್ತೇವೆ. ತೋಟಕ್ಕೆ ಔಷಧಿ ಹೊಡೆಸುತ್ತಿದ್ದ ಹುಡುಗನನ್ನು ಮೇಲೆ ನಾನು "ತಮ್ಮ" ಎಂದು ಬರೆದೆ. ಅವನು ದೊಡ್ಡಪ್ಪನ ತಮ್ಮನ ಮಗ. ರಕ್ತ ಹಿಡಿದು ಹೋದರೆ ನನಗೂ ಅವನಿಗೂ ಏನೇನೂ ಸಂಬಂಧವಿಲ್ಲ. ಅದನ್ನು ಬರೆಯುವಾಗ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಆದರೆ ನಮ್ಮಲ್ಲಿ ಸೋದರಮಾವನೂ ಸೋದರತ್ತೆಯೂ ಈ ಲೆಕ್ಕಕ್ಕೆ ಸೇರುವುದಿಲ್ಲ, ಅವರ ಮಕ್ಕಳು ಅಣ್ಣತಮ್ಮಂದಿರಾಗುವುದಿಲ್ಲ. ನಮ್ಮ ವರ್ತುಲ ಹಿಯೆರೊಕ್ಲೀಸ್ ಎಳೆದಷ್ಟು ದುಂಡಗಿಲ್ಲ, ಅದರಲ್ಲಿ ಹೆಣ್ಣು ಕೊಟ್ಟು ತರುವ ಬಾಗಿಲುಗಳಿವೆ.

ಕರೆಯುವ ಮಾತಿಗೆ ಎಷ್ಟು ಬಲವಿದೆಯೆಂದು ನನ್ನ ಮದುವೆಯಲ್ಲಿ ನೋಡಿದೆ. ಅದು 1997ರ ವೈಶಾಖ. ಲಗ್ನಪತ್ರಿಕೆಗೆ ದೊಡ್ಡಪ್ಪ ತಾವೇ ಒಕ್ಕಣೆ ಬರೆದರು. ನಾಲ್ವರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು, ಕೆಳಗೆ "ನಮ್ಮ ಮಗಳು" ಎಂದು ಹಾಕಿದರು. ಅಚ್ಚಿನ ಮನೆಯವನು ಇದು ಹೇಗೆ ಎಂದು ಕೇಳಿದ್ದಕ್ಕೆ, "ಬರೆದದ್ದನ್ನು ಅಚ್ಚು ಹಾಕು" ಎಂದರಂತೆ. ಧಾರೆ ಎರೆಯುವವರು ಯಾರು ಎಂಬ ಪ್ರಶ್ನೆ ಬಂತು. ಪುರೋಹಿತರು ಹೆತ್ತವರೇ ಎರೆಯಬೇಕೆಂದರು. ಅಪ್ಪಯ್ಯ ಮುಂದೆ ಬಂದರು. ಅಮ್ಮ ಅವರ ಶಾಲಿನ ತುದಿ ಹಿಡಿದು ನಿಲ್ಲಿಸಿ, "ಅಕ್ಕ, ಭಾವ ಎರೆಯಲಿ" ಎಂದಳು. ನೀರು ಬಿದ್ದದ್ದು ದೊಡ್ಡಮ್ಮನ ಕೈಯಿಂದ. ಅಮ್ಮ ಕಂಬದ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದಳು.

ಅಥೆನ್ಸಿನಲ್ಲಿ ಮದುವೆಯ ಬುಡ ಇದ್ದದ್ದು ಎಂಗ್ಯೆ ಎಂಬ ಒಪ್ಪಂದದಲ್ಲಿ. ಹುಡುಗಿಯ ತಂದೆ, ಅವನಿಲ್ಲದಿದ್ದರೆ ಅವಳ ಮೇಲೆ ಹಕ್ಕಿರುವ ಬೇರೆ ಗಂಡಸು, ಅಳಿಯನಾಗುವವನ ಜೊತೆ ಮಾತು ಮುಗಿಸುತ್ತಿದ್ದ. ಔರಸ ಮಕ್ಕಳ ಬೇಸಾಯಕ್ಕಾಗಿ ಇವಳನ್ನು ನಿನಗೆ ಕೊಡುತ್ತಿದ್ದೇನೆ ಎಂದು ಅವನು, ತೆಗೆದುಕೊಂಡೆ ಎಂದು ಇವನು. ಆಮೇಲೆ ಬಳುವಳಿಯ ಮೊತ್ತ. ಹುಡುಗಿ ಅಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ. ಅಣ್ಣತಮ್ಮಂದಿರಿಲ್ಲದ ಹುಡುಗಿಯ ತಂದೆ ತೀರಿಕೊಂಡರೆ ಆಸ್ತಿಯೊಂದಿಗೆ ಅವಳನ್ನೂ ತಂದೆಯ ಕಡೆಯ ಹತ್ತಿರದ ನೆಂಟ ಕೇಳಿ ಪಡೆಯಬಹುದಾಗಿತ್ತು. ತತ್ತ್ವಜ್ಞಾನಿಗಳು ಮದುವೆಯ ಬಗ್ಗೆ ಹೇಳಿದ್ದನ್ನು ಓದುವಾಗ ನಾನು ಇದನ್ನು ಮರೆಯುವುದಿಲ್ಲ. ಅವರು ಮಾತನಾಡುತ್ತಿದ್ದದ್ದು ಈ ನೆಲದ ಮೇಲೆ ನಿಂತು. ಹೆಣ್ಣಿಗೆ ವಿವೇಚನಾಶಕ್ತಿ ಇದೆ, ಆದರೆ ಅದಕ್ಕೆ ಅಧಿಕಾರವಿಲ್ಲ ಎಂದು ಅರಿಸ್ಟಾಟಲ್ ಬರೆದದ್ದೂ ಇಲ್ಲೇ ನಿಂತು. ಆ ವಾಕ್ಯಕ್ಕೆ ನಾನು ಅವನನ್ನು ಕ್ಷಮಿಸಿಲ್ಲ.

ಕೊನೆಯ ವಾರದಲ್ಲಿ ಮತ್ತೆ ಎಥಿಕ್ಸ್‌ನ ಎಂಟನೆಯ ಭಾಗಕ್ಕೆ ಬಂದೆವು. ಮನುಷ್ಯ ಸ್ವಭಾವದಿಂದಲೇ ಜೋಡಿಯಾಗಿ ಬದುಕುವ ಪ್ರಾಣಿ, ನಗರ ಕಟ್ಟುವುದಕ್ಕಿಂತ ಮೊದಲು ಅವನು ಮನೆ ಕಟ್ಟುತ್ತಾನೆ ಎನ್ನುತ್ತಾನೆ ಅರಿಸ್ಟಾಟಲ್. ಉಳಿದ ಪ್ರಾಣಿಗಳು ಕೂಡುವುದು ಸಂತಾನಕ್ಕೆ, ಮನುಷ್ಯರು ಬದುಕಿನ ಎಲ್ಲ ಕೆಲಸಕ್ಕೂ. ಇಬ್ಬರೂ ತಮ್ಮ ತಮ್ಮದನ್ನು ತಂದು ಒಟ್ಟಿಗೆ ಹಾಕುತ್ತಾರೆ. ಇಬ್ಬರೂ ಒಳ್ಳೆಯವರಾದರೆ ಅದು ಗುಣಕ್ಕಾಗಿ ಕೂಡಿದ ಸ್ನೇಹವೂ ಆಗಬಲ್ಲದು. ದೊಡ್ಡಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಮುಂದಿನ ವಾಕ್ಯ ಬಂದಾಗ ನನ್ನ ನಾಲಿಗೆ ತಡೆಯಿತು. ದಾಟಿಸಿಬಿಡಬಹುದಾಗಿತ್ತು. ಮೂರು ವಾರ ಒಂದನ್ನೂ ಮುಚ್ಚಿಡದೆ ಹೇಳಿದವಳು ಇದನ್ನೂ ಹೇಳಿದೆ: ಮಕ್ಕಳು ಗಂಡಹೆಂಡಿರನ್ನು ಕಟ್ಟುವ ಹುರಿ, ಅದಕ್ಕೇ ಮಕ್ಕಳಿಲ್ಲದವರು ಬೇಗ ಬೇರೆಯಾಗುತ್ತಾರೆ.

ದೊಡ್ಡಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಹೊರಗೆ ಸೂರಿನ ನೀರು ಹಂಡೆಗೆ ಬೀಳುತ್ತಿತ್ತು.

"ನೀನು ಬರುವಾಗ ನನ್ನ ಮದುವೆಯಾಗಿ ಹನ್ನೊಂದು ವರ್ಷ" ಎಂದಳು. "ಅತ್ತೆ ಇವರಿಗೆ ಇನ್ನೊಂದು ಮದುವೆ ಮಾಡಬೇಕೆಂದು ಹಟ ಹಿಡಿದಿದ್ದರು. ಹುಡುಗಿಯನ್ನೂ ನೋಡಿ ಬಂದಿದ್ದರು. ಇವರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತೋಟಕ್ಕೆ ಹೋದರೆ ಕತ್ತಲಾಗುವವರೆಗೆ ಬರುತ್ತಿರಲಿಲ್ಲ. ದಣಪೆಯ ಹತ್ತಿರ ಕರೆಯುವುದನ್ನೂ ನಿಲ್ಲಿಸಿದ್ದರು. ನಿನ್ನ ಅಮ್ಮನಿಗೆ ಯಾರು ಹೇಳಿದರೋ. ನಾನು ಹೇಳಿರಲಿಲ್ಲ. ಒಂದು ದಿನ ಮಧ್ಯಾಹ್ನ ನಿನ್ನ ಕೈ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಳು. ಅತ್ತೆಯ ಎದುರೇ ನಿನ್ನನ್ನು ನನ್ನ ಮಡಿಲಲ್ಲಿ ಕೂರಿಸಿದಳು. ಆಮೇಲೆ ಆ ಮದುವೆಯ ಮಾತು ಏಳಲಿಲ್ಲ."

ಶಾಲೆ ಹತ್ತಿರ ಎಂದು ನಲವತ್ತೊಂಬತ್ತು ವರ್ಷ ನಂಬಿದ್ದೆ.

ಅರಿಸ್ಟಾಟಲ್ ಇದೇ ಅಧ್ಯಾಯದಲ್ಲಿ ಅಣ್ಣತಮ್ಮಂದಿರ ಸ್ನೇಹದ ಬಗ್ಗೆ ಚೆಂದವಾಗಿ ಹೇಳುತ್ತಾನೆ: ಒಂದೇ ಬೇರು, ಒಟ್ಟಿಗೆ ಬೆಳೆದವರು, ಗೆಳೆಯರಿಗೆ ಸಮ. ಅಕ್ಕತಂಗಿಯರು ಅಲ್ಲಿ ನನಗೆ ಕಾಣಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದು ತನ್ನ ಕೂಸನ್ನು ಅಕ್ಕನ ಮಡಿಲಲ್ಲಿ ಇಟ್ಟು, ಅದೇ ಸಂಜೆಯ ಬಸ್ಸಿಗೆ ಹಿಂದಿರುಗಿದ ಇಪ್ಪತ್ತೈದು ವರ್ಷದ ಹೆಂಗಸಿಗೆ ಅವನ ಪುಸ್ತಕದಲ್ಲಿ ಎರಡು ಜಾಗ ಸಿಗಬೇಕಿತ್ತು. ಅವನು ಒಂದನ್ನು ಮಾತ್ರ ಕೊಟ್ಟ.

ಆ ರಾತ್ರಿ ದೊಡ್ಡಮ್ಮ ಮಲಗಿದ ಮೇಲೆ ಮುಸೋನಿಯಸ್ ರೂಫಸ್‌ನನ್ನು ತೆಗೆದೆ. ಒಂದನೆಯ ಶತಮಾನದ ರೋಮಿನವನು, ನೀರೋ ಚಕ್ರವರ್ತಿ ಗ್ಯಾರೋಸ್ ಎಂಬ ಬರಡು ದ್ವೀಪಕ್ಕೆ ಅಟ್ಟಿದವನು. ಅವನ ಉಪನ್ಯಾಸಗಳು ನಮಗೆ ಉಳಿದಿರುವುದು ಗ್ರೀಕಿನಲ್ಲಿ. ಗಂಡುಮಕ್ಕಳಿಗೆ ಕೊಡುವ ಶಿಕ್ಷಣವನ್ನೇ ಹೆಣ್ಣುಮಕ್ಕಳಿಗೂ ಕೊಡಬೇಕೆಂದು ವಾದಿಸಿದವನು. ಮಕ್ಕಳು ಹುಟ್ಟುವುದು ದೊಡ್ಡದೇ, ಆದರೆ ಮದುವೆಯಿಲ್ಲದ ಕೂಟದಲ್ಲೂ ಮಕ್ಕಳು ಹುಟ್ಟುತ್ತಾರೆ ಎನ್ನುತ್ತಾನೆ ಅವನು. ಮದುವೆಯಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದದ್ದು ಕೂಡಿ ಬಾಳುವುದು, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು. ಒಬ್ಬರು ತಮ್ಮದನ್ನೇ ನೋಡಿಕೊಂಡು ಇನ್ನೊಬ್ಬರನ್ನು ಮರೆತರೆ ಒಂದೇ ಸೂರಿನಡಿ ಇದ್ದರೂ ಅವರು ಬೇರೆಯಾದಂತೆಯೇ. ದೊಡ್ಡಪ್ಪ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ದೊಡ್ಡಮ್ಮ ಅವರಿಗೆ ಗಂಜಿ ಕುಡಿಸುವಾಗ ಪ್ರತಿ ಗುಟುಕಿಗೂ ಅವರು ಅವಳ ಹೆಸರು ಹೇಳುತ್ತಿದ್ದರು. ಮಾತು ಹೋದ ಮೇಲೆ ತುಟಿ ಮಾತ್ರ ಆಡುತ್ತಿತ್ತು. 2016ರಲ್ಲಿ ತೀರಿಕೊಂಡರು.

ಅರಿಸ್ಟಾಟಲನ ಬಗ್ಗೆಯೂ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವನು ತೀರಿಕೊಂಡದ್ದು ಕ್ರಿ.ಪೂ. 322ರಲ್ಲಿ, ಕಾಲ್ಕಿಸ್ ಎಂಬ ಊರಿನಲ್ಲಿ. ಅವನ ಉಯಿಲು ಉಳಿದುಬಂದಿದೆ. ಹೆಂಡತಿ ಪಿಥಿಯಾಸ್ ಮೊದಲೇ ಹೋಗಿದ್ದಳು. ಆಮೇಲೆ ಜೊತೆಗಿದ್ದವಳು ಹರ್ಪಿಲಿಸ್. ಅವಳು ನನ್ನೊಡನೆ ಒಳ್ಳೆಯವಳಾಗಿದ್ದಳು, ಅವಳನ್ನು ಚೆನ್ನಾಗಿ ನೋಡಿಕೊಳ್ಳಿ, ಕಾಲ್ಕಿಸ್‌ನಲ್ಲಿ ಇರಲು ಬಯಸಿದರೆ ತೋಟದ ಪಕ್ಕದ ಮನೆ ಕೊಡಿ, ಸ್ಟ್ಯಾಜಿರಾದಲ್ಲಿ ಇರಲು ಬಯಸಿದರೆ ನನ್ನ ತಂದೆಯ ಮನೆ ಕೊಡಿ, ಯಾವುದನ್ನು ಆರಿಸಿಕೊಂಡರೂ ಬೇಕಾದ ಸಾಮಾನುಗಳನ್ನು ಒದಗಿಸಿ ಎಂದು ಬರೆದಿದ್ದಾನೆ. ನನ್ನನ್ನು ಎಲ್ಲಿ ಹೂಳುತ್ತೀರೋ ಅಲ್ಲಿಗೇ ಪಿಥಿಯಾಸ್‌ಳ ಅಸ್ಥಿಯನ್ನೂ ತಂದಿಡಿ, ಅವಳೇ ಹಾಗೆ ವಿಧಿಸಿದ್ದಳು ಎಂದೂ ಬರೆದಿದ್ದಾನೆ. ಹೆಣ್ಣಿನ ವಿವೇಚನೆಗೆ ಅಧಿಕಾರವಿಲ್ಲ ಎಂದವನು ಸಾಯುವ ಮುನ್ನ ಹೆಂಡತಿ ವಿಧಿಸಿದ್ದನ್ನು ಪಾಲಿಸುತ್ತಿದ್ದಾನೆ. ಮರುದಿನ ಇದನ್ನು ಹೇಳಿದಾಗ ದೊಡ್ಡಮ್ಮ, "ಇವನು ಹೆಂಡತಿಯ ಹೆಸರು ಬರೆದಿದ್ದಾನೆ" ಎಂದಳು.

ನಾನು ಹೊರಡುವ ಎರಡು ದಿನ ಮೊದಲು ಅಮ್ಮ ಬಂದಳು. ಎಪ್ಪತ್ತನಾಲ್ಕರ ಅಮ್ಮನನ್ನು ನನ್ನ ಒಡಹುಟ್ಟಿದ ತಮ್ಮ ಕಾರಿನಲ್ಲಿ ತಂದು ಬಿಟ್ಟ. ಬಂದವಳೇ ಕೈಕಾಲು ತೊಳೆದು, ಹಿತ್ತಿಲಿನ ಜಾಜಿ ಬಿಡಿಸಿಕೊಂಡು, ಅಕ್ಕನ ಮಂಚದ ಪಕ್ಕ ಚಾಪೆ ಹಾಕಿ ಕೂತು ಹೂ ಕಟ್ಟತೊಡಗಿದಳು. ಇಬ್ಬರೂ ಯಾರ ಮನೆಯ ತೋಟಕ್ಕೆ ಕೊಳೆ ಬಂದಿದೆ, ಯಾರ ಮಗಳಿಗೆ ಗಂಡು ಗೊತ್ತಾಗಿದೆ ಎಂದು ಮಾತನಾಡಿಕೊಂಡರು. ನಾನು ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದೆ. ದೊಡ್ಡಮ್ಮನಿಗೆ ಮಂಪರು ಹತ್ತಿದ ಮೇಲೆ ಕೇಳಿದೆ.

"ನನ್ನನ್ನು ಯಾಕೆ ಇಲ್ಲಿ ಬಿಟ್ಟೆ ಎಂದು ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅಮ್ಮ ತಲೆ ಎತ್ತಲಿಲ್ಲ. "ಹೇಳಿದರೆ ಅಕ್ಕನಿಗೆ ಚೆಂದವೇ?" ಎಂದಳು. ಎರಡು ಹೂ ಸೇರಿಸಿ ಗಂಟು ಬಿಗಿದಳು. "ನೀನು ಚೆನ್ನಾಗಿದ್ದೀ ಎಂದು ನನಗೆ ತಿಳಿಯುತ್ತಿತ್ತು. ವರ್ಷ ವರ್ಷವೂ ನೂಲು ಉದ್ದವಾಗಿಯೇ ಬರುತ್ತಿತ್ತಲ್ಲ."

"ಆ ನೂಲುಗಳೆಲ್ಲ ಏನಾದವು?"

"ಏನಾಗುತ್ತವೆ? ಲಂಗ ಹೊಲಿದ ಮೇಲೆ ಅದರಲ್ಲೇ ಹೂ ಕಟ್ಟಿ ಮುಡಿಯುತ್ತಿದ್ದೆ. ಬಾಳೆನಾರಿಗಿಂತ ಗಟ್ಟಿ."